ವಿದೇಶದಲ್ಲಿ ಮಕ್ಕಳಿಗೆ ಇಂಟರ್‌ನ್ಯಾಷನಲ್ ಸ್ಕೂಲ್ ಹುಡುಕುವಾಗ: ಬಿಡುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಹೊರದೇಶದ ಕೆಲಸ ಗಟ್ಟಿಯಾದ ವಾರವೇ ಮನೆಯಲ್ಲಿ ಎರಡು ಹುಡುಕಾಟ ಶುರುವಾಗುತ್ತದೆ. ಒಬ್ಬರು ಬಾಡಿಗೆ ಮನೆ ನೋಡುತ್ತಿರುತ್ತಾರೆ, ಇನ್ನೊಬ್ಬರು ಸ್ಕೂಲು. ನಾವೂ ಹಾಗೇ ಮಾಡಿದೆವು. ಮನೆ ಮೊದಲು ಸಿಕ್ಕಿತು, ಅಡ್ವಾನ್ಸ್ ಕೊಟ್ಟೆವು. ಸ್ಕೂಲು ಆಮೇಲೆ ಸಿಕ್ಕಿತು, ನಗರದ ಇನ್ನೊಂದು ತುದಿಯಲ್ಲಿ. ಆರು ವರ್ಷದ ಮಗ ಒಂದಿಡೀ ವರ್ಷ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಕಳೆದ.

ಅದು ಚಿಕ್ಕ ತಪ್ಪು. ದೊಡ್ಡದು ಮಗಳ ವಿಷಯದಲ್ಲಿ ಆಯಿತು. ಸೇರಿಸುವಾಗ ಕಟ್ಟಡ, ಫೀಸು, ಮೊದಲ ದಿನದ ಅಳು ಎಲ್ಲವನ್ನೂ ಯೋಚಿಸಿದ್ದ ನಾವು ಆ ಸ್ಕೂಲನ್ನು ಬಿಡುವ ದಿನದ ಬಗ್ಗೆ ಮಾತ್ರ ಯೋಚಿಸಿರಲಿಲ್ಲ. ಐಜಿಸಿಎಸ್‌ಇ ಎಂಬ, 16ನೇ ವಯಸ್ಸಿನ ಹೊತ್ತಿಗೆ ಪರೀಕ್ಷೆ ಬರೆಯುವ ಬ್ರಿಟಿಷ್ ಪದ್ಧತಿಯ ಎರಡು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಮುಗಿದಿತ್ತು, ಮತ್ತೆ ದೇಶ ಬದಲಾಯಿತು. ಹೊಸ ಸ್ಕೂಲಿನಲ್ಲೂ ಐಜಿಸಿಎಸ್‌ಇಯೇ. ಆದರೆ ಪರೀಕ್ಷೆ ನಡೆಸುವ ಮಂಡಳಿ ಬೇರೆ, ಚರಿತ್ರೆಯಲ್ಲಿ ಓದುವ ಭಾಗಗಳು ಬೇರೆ, ಇಂಗ್ಲಿಷ್ ಸಾಹಿತ್ಯಕ್ಕೆ ಇಟ್ಟ ನಾಟಕವೇ ಬೇರೆ. ಒಂದು ವರ್ಷದ ಓದಿನಲ್ಲಿ ಅರ್ಧ ಮೂಲೆಗೆ ಬಿತ್ತು.

ಹಾಗಾಗಿ ಇಲ್ಲಿ ನಾನು ಹೇಳುವ ಹೆಜ್ಜೆಗಳು ಹಿಂದಿನಿಂದ ಮುಂದಕ್ಕೆ ಬರುತ್ತವೆ. ಮಗು ಆ ಸ್ಕೂಲಿನಿಂದ ಯಾವ ವಯಸ್ಸಿನಲ್ಲಿ ಹೊರಗೆ ಬರುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದೇ ಶುರು.

ಹೆಜ್ಜೆ 1: ಒಂದು ಹಾಳೆಯಲ್ಲಿ ವರ್ಷಗಳನ್ನು ಬರೆಯಿರಿ

ಎಡಗಡೆ ಮುಂದಿನ ಹತ್ತು ಹನ್ನೆರಡು ವರ್ಷಗಳು. ಪಕ್ಕದಲ್ಲಿ ಪ್ರತಿ ಮಗುವಿನ ವಯಸ್ಸು. ಅದರಾಚೆ ನಿಮ್ಮ ಕೆಲಸದ ಒಪ್ಪಂದ, ವೀಸಾ ಎಂದು ಮುಗಿಯುತ್ತದೆ ಎಂಬುದು. ಈಗ ಮಗುವಿಗೆ 14, 16, 18 ತುಂಬುವ ವರ್ಷಗಳಿಗೆ ಗುರುತು ಹಾಕಿ.

ಹನ್ನೊಂದು ವರ್ಷದ ತನಕ ಮಗು ಯಾವ ಪಠ್ಯಕ್ರಮದಿಂದ ಯಾವುದಕ್ಕೆ ಬೇಕಾದರೂ ಜಿಗಿಯಬಹುದು, ಒಂದು ಟರ್ಮ್ ಒದ್ದಾಡಿ ಸರಿಹೋಗುತ್ತದೆ. 14ರಿಂದ 16 ಮತ್ತು 16ರಿಂದ 18 ಮಾತ್ರ ಬಾಗಿಲು ಹಾಕಿದ ಕೋಣೆಗಳಿದ್ದಂತೆ. ಒಳಗೆ ಹೋದರೆ ಎರಡು ವರ್ಷ ಮುಗಿಸಿಯೇ ಹೊರಬರಬೇಕು. ನಿಮ್ಮ ಒಪ್ಪಂದ ಮುಗಿಯುವ ವರ್ಷ ಈ ಕೋಣೆಯ ನಡುವೆ ಬಿದ್ದಿದ್ದರೆ ಮೊದಲು ಕಂಪನಿಯವರ ಜೊತೆ ಮಾತಾಡಿ, ಆಮೇಲೆ ಸ್ಕೂಲಿನವರ ಜೊತೆ. ನಾಲ್ಕು ತಿಂಗಳು ಮುಂಚೆ ಹೋಗುವುದೋ ಎಂಟು ತಿಂಗಳು ತಡವಾಗಿ ಹೋಗುವುದೋ ಎಂಬುದನ್ನು ಸೇರುವ ಮುನ್ನ ಕೇಳಿದರೆ ಹೊಂದಿಸುತ್ತಾರೆ, ಸೇರಿದ ಮೇಲೆ ಕೇಳಿದರೆ ಕಷ್ಟ.

ಹಾಳೆಯ ಕೊನೆಯ ಕಾಲಮ್ಮಿನಲ್ಲಿ 18ಕ್ಕೆ ಮಗು ಕಾಲೇಜು ಸೇರಬಹುದಾದ ದೇಶಗಳನ್ನು ಬರೆಯಿರಿ. ಖಚಿತವಾಗಿ ಗೊತ್ತಿರುವುದಿಲ್ಲ, ಇರಲಿ. ಮೂರು ಊಹೆ ಬರೆದರೂ ಸಾಕು. ಸ್ವಂತ ದೇಶಕ್ಕೆ ಮರಳುವುದು ಅದರಲ್ಲಿ ಒಂದಾಗಿದ್ದರೆ, ಅಲ್ಲಿನ ವಿಶ್ವವಿದ್ಯಾಲಯಗಳು ಯಾವ ಪ್ರಮಾಣಪತ್ರವನ್ನು ಒಪ್ಪುತ್ತವೆ, ಯಾವ ವಿಷಯಗಳು ಕಡ್ಡಾಯ, ಪ್ರವೇಶ ಪರೀಕ್ಷೆಯ ಸಿಲೆಬಸ್ ಯಾವುದು ಎಂದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ನೋಡಿ. "ಎಲ್ಲ ಕಡೆ ನಡೆಯುತ್ತದೆ" ಎಂದು ಸ್ಕೂಲಿನವರು ಹೇಳಿದ್ದನ್ನು ನಂಬಿ ಕೂರಬೇಡಿ.

ಹೆಜ್ಜೆ 2: ಪಠ್ಯಕ್ರಮ ಆರಿಸಿ, ಸ್ಕೂಲು ಆಮೇಲೆ

ಐಬಿ ಎಂದು ಎಲ್ಲರೂ ಕರೆಯುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಶುರುವಾಯಿತು. ದೇಶದಿಂದ ದೇಶಕ್ಕೆ ಅಲೆಯುವ ಕುಟುಂಬಗಳ ಮಕ್ಕಳಿಗೆ ಎಲ್ಲ ಕಡೆ ಒಪ್ಪಿಗೆಯಾಗುವ ಒಂದು ಡಿಪ್ಲೊಮಾ ಬೇಕು ಎಂಬುದೇ ಅದರ ಹುಟ್ಟಿಗೆ ಕಾರಣ. ಚಿಕ್ಕವರಿಗೆ ಪಿವೈಪಿ, ನಡುವಿನವರಿಗೆ ಎಂವೈಪಿ, ಕೊನೆಯ ಎರಡು ವರ್ಷಕ್ಕೆ ಡಿಪಿ. ಪಿವೈಪಿ ತರಗತಿಯಲ್ಲಿ ಹಲವು ಕಡೆ ಪಠ್ಯಪುಸ್ತಕವೇ ಇರುವುದಿಲ್ಲ, ಅಪ್ಪ ಅಮ್ಮಂದಿರು ಗಾಬರಿಯಾಗುವುದು ಅಲ್ಲೇ. ಒಂದು ದೊಡ್ಡ ಪ್ರಶ್ನೆ ಹಿಡಿದು ಆರು ವಾರ ಅದರ ಸುತ್ತ ಓದುತ್ತಾರೆ. ಟೀಚರ್ ಚೆನ್ನಾಗಿದ್ದರೆ ಅದ್ಭುತ, ಇಲ್ಲದಿದ್ದರೆ ಮಗು ಆರು ವಾರ ಪೋಸ್ಟರಿಗೆ ಬಣ್ಣ ಹಚ್ಚುತ್ತಿರುತ್ತದೆ. ಎಂವೈಪಿಯೂ ಒಂದು ಚೌಕಟ್ಟು, ಒಳಗಿನ ಸಿಲೆಬಸ್ಸನ್ನು ಸ್ಕೂಲೇ ತುಂಬುತ್ತದೆ. ಆದ್ದರಿಂದ ಒಂದು ಐಬಿ ಸ್ಕೂಲಿನಿಂದ ಇನ್ನೊಂದಕ್ಕೆ ಹೋದರೆ ಎಲ್ಲ ಒಂದೇ ಇರುತ್ತದೆ ಎಂದುಕೊಳ್ಳಬೇಡಿ.

ಡಿಪಿ ಹಾಗಲ್ಲ, ಅಲ್ಲಿ ಲೆಕ್ಕ ಕಟ್ಟುನಿಟ್ಟು. ಆರು ವಿಷಯ, ಸಾಮಾನ್ಯವಾಗಿ ಮೂರು ಹೈಯರ್ ಲೆವೆಲ್, ಮೂರು ಸ್ಟ್ಯಾಂಡರ್ಡ್ ಲೆವೆಲ್. ಪ್ರತಿ ವಿಷಯಕ್ಕೆ 7 ಅಂಕ, ಜೊತೆಗೆ 4,000 ಪದಗಳ ಮಿತಿಯ ಪ್ರಬಂಧ ಮತ್ತು ಜ್ಞಾನಮೀಮಾಂಸೆಯ ಕೋರ್ಸಿಗೆ ಸೇರಿ 3, ಒಟ್ಟು 45. ಡಿಪ್ಲೊಮಾ ಸಿಗಲು ಕನಿಷ್ಠ 24 ಬೇಕು, ಅದರ ಜೊತೆ ಇನ್ನೂ ಕೆಲವು ಷರತ್ತುಗಳಿವೆ. ವಿಜ್ಞಾನವೊಂದೇ ಇಷ್ಟ ಎನ್ನುವ ಮಗುವೂ ಎರಡು ಭಾಷೆ, ಒಂದು ಸಮಾಜವಿಜ್ಞಾನದ ವಿಷಯ ಓದಲೇಬೇಕು. ಎಲ್ಲವನ್ನೂ ಸಮಯಕ್ಕೆ ಸರಿಯಾಗಿ ಮುಗಿಸುವ ಶಿಸ್ತಿರುವ ಮಕ್ಕಳಿಗೆ ಇದು ಹೊಂದುತ್ತದೆ. ಕೊನೆಯ ರಾತ್ರಿ ಕೂತು ಓದುವವರಿಗೆ ಕಷ್ಟ.

ಬ್ರಿಟಿಷ್ ದಾರಿಯಲ್ಲಿ 14ರಿಂದ 16ರವರೆಗೆ ಐಜಿಸಿಎಸ್‌ಇ, ಆಮೇಲೆ ಎ ಲೆವೆಲ್. ಐಜಿಸಿಎಸ್‌ಇಯನ್ನು ಕೇಂಬ್ರಿಡ್ಜ್ ಪರೀಕ್ಷಾ ಮಂಡಳಿ 1988ರಲ್ಲಿ ತಂದಿತು. ಪಿಯರ್ಸನ್ ಎಡೆಕ್ಸೆಲ್ ಎಂಬ ಇನ್ನೊಂದು ಮಂಡಳಿಯೂ ಇಂಟರ್‌ನ್ಯಾಷನಲ್ ಜಿಸಿಎಸ್‌ಇ ಎಂದು ಅದೇ ಬಗೆಯ ಪರೀಕ್ಷೆ ನಡೆಸುತ್ತದೆ. ನನ್ನ ಮಗಳು ಸಿಕ್ಕಿಬಿದ್ದಿದ್ದು ಇಂಥ ಎರಡು ಮಂಡಳಿಗಳ ನಡುವೆ. ಎ ಲೆವೆಲ್‌ನಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದು ಮೂರೇ ವಿಷಯ, ಆದರೆ ಬಾವಿಯಷ್ಟು ಆಳ. 16ಕ್ಕೇ ತನಗೇನು ಬೇಕೆಂದು ಗೊತ್ತಿರುವ ಮಗುವಿಗೆ ಇದು ಸುಖ. ಗೊತ್ತಿಲ್ಲದ ಮಗು ಒಂದು ವಿಷಯ ಬಿಟ್ಟ ಕೂಡಲೇ ಕೆಲವು ಕಾಲೇಜು ಕೋರ್ಸುಗಳ ಬಾಗಿಲೂ ಮುಚ್ಚುತ್ತದೆ.

ಅಮೆರಿಕನ್ ಪದ್ಧತಿಯಲ್ಲಿ ಕೊನೆಗೆ ಒಂದು ದೊಡ್ಡ ಪರೀಕ್ಷೆ ಅಂತಿಲ್ಲ. 9ರಿಂದ 12ನೇ ತರಗತಿಯವರೆಗೆ ಗಳಿಸಿದ ಕ್ರೆಡಿಟ್, ಜಿಪಿಎ ಎಂಬ ಸರಾಸರಿ ಅಂಕ ಎರಡೂ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಗಳ ದಾಖಲೆಯಲ್ಲಿ, ಸೇರುತ್ತಾ ಹೋಗುತ್ತವೆ. ಕಾಲೇಜು ಮಟ್ಟದ ಎಪಿ ಪರೀಕ್ಷೆಗಳಿಗೆ 1ರಿಂದ 5ರವರೆಗೆ ಅಂಕ. ನಡುವೆ ಬಂದು ಸೇರುವ ಮಗುವಿಗೆ ಇದು ಹೆಚ್ಚು ಮೃದು. ಆದರೆ ಅಂಕ ಕೊಡುವುದು ಸ್ಕೂಲೇ ಆದ್ದರಿಂದ, ಆ ಸ್ಕೂಲಿಗೆ ಸರಿಯಾದ ಮಾನ್ಯತೆ ಇದೆಯೇ ಎಂಬುದು ಇಲ್ಲಿ ಬೇರೆಲ್ಲ ಕಡೆಗಿಂತ ಮುಖ್ಯ.

ಇವಲ್ಲದೆ ಆಯಾ ದೇಶಗಳು ಹೊರಗೆ ನಡೆಸುವ ಅಥವಾ ಮಾನ್ಯ ಮಾಡುವ ಶಾಲೆಗಳಿವೆ: ಫ್ರೆಂಚ್, ಜರ್ಮನ್, ಜಪಾನಿ, ಸಿಬಿಎಸ್‌ಇ. ಎರಡು ಮೂರು ವರ್ಷದಲ್ಲಿ ಮರಳುವುದು ಖಾತ್ರಿಯಾಗಿದ್ದರೆ ನನ್ನ ಮತ ಇವುಗಳಿಗೇ. ಹೆಸರಿನಲ್ಲಿ ಮಿಂಚು ಕಡಿಮೆ, ಫೀಸೂ ಸಾಮಾನ್ಯವಾಗಿ ಕಡಿಮೆ, ಮರಳಿದಾಗ ಮಗು ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ.

ಇನ್ನೊಂದು ಮಾತು. ಮಗುವಿಗೆ ಎಂಟು ವರ್ಷ ಆಗಿಲ್ಲ, ನೀವು ಆ ದೇಶದಲ್ಲಿ ಬಹುಕಾಲ ಇರುತ್ತೀರಿ ಎಂದಾದರೆ, ಇಂಟರ್‌ನ್ಯಾಷನಲ್ ಸ್ಕೂಲಿನ ಹುಡುಕಾಟಕ್ಕೆ ಮೊದಲು ಸ್ಥಳೀಯ ಸರ್ಕಾರಿ ಶಾಲೆಯನ್ನು ನೋಡಿ ಬನ್ನಿ. ಆ ದೇಶದ ಭಾಷೆ, ಅಕ್ಕಪಕ್ಕದ ಗೆಳೆಯರು, ನಡೆದು ಹೋಗುವ ದೂರ ಎಲ್ಲ ಅಲ್ಲಿ ಸಿಗುತ್ತವೆ. ವಿದೇಶಿಯರಿಗೆ ಪ್ರವೇಶ ಎಷ್ಟು ಸುಲಭ ಎಂಬುದು ದೇಶಕ್ಕೊಂದು ರೀತಿ. ಸಿಂಗಪುರದಲ್ಲಿ ಸಾಮಾನ್ಯವಾಗಿ ಎಇಐಎಸ್ ಎಂಬ ಪ್ರವೇಶ ಪರೀಕ್ಷೆ ಪಾಸಾಗಬೇಕು, ಆಮೇಲೂ ಸೀಟು ಖಾಲಿ ಇರಬೇಕು.

ಹೆಜ್ಜೆ 3: ಬೋರ್ಡಿನ ಹಿಂದೆ ಏನಿದೆ ನೋಡಿ

1924ರಲ್ಲಿ, ರಾಷ್ಟ್ರಸಂಘದ ಕಚೇರಿಗಳಿಗೆ ಬಂದವರ ಮಕ್ಕಳಿಗಾಗಿ ಜಿನೀವಾದಲ್ಲಿ ಒಂದು ಇಂಟರ್‌ನ್ಯಾಷನಲ್ ಸ್ಕೂಲ್ ತೆರೆದಾಗ ಆ ಪದಕ್ಕೊಂದು ಅರ್ಥವಿತ್ತು. ಇವತ್ತು ಹಲವು ದೇಶಗಳಲ್ಲಿ ಯಾರು ಬೇಕಾದರೂ ಅದನ್ನು ಬೋರ್ಡಿಗೆ ಹಾಕಿಕೊಳ್ಳಬಹುದು. ಪರೀಕ್ಷಿಸಲು ಅರ್ಧ ಗಂಟೆ ಸಾಕು. ಐಬಿ ಎಂದು ಹೇಳಿಕೊಂಡರೆ ಐಬಿಯ ವೆಬ್‌ಸೈಟಿನಲ್ಲಿ ಸ್ಕೂಲಿನ ಹೆಸರು ಹುಡುಕಿ. ಯಾವ ಕಾರ್ಯಕ್ರಮಕ್ಕೆ ಅನುಮತಿ ಇದೆ ಎಂಬುದೂ ಅಲ್ಲಿರುತ್ತದೆ, ಪಿವೈಪಿಗೆ ಇದ್ದು ಡಿಪಿಗೆ ಇಲ್ಲದ ಸ್ಕೂಲುಗಳೂ ಇವೆ. "ಕ್ಯಾಂಡಿಡೇಟ್ ಸ್ಕೂಲ್" ಎಂದರೆ ಅರ್ಜಿ ಹಾಕಿ ಕಾಯುತ್ತಿದ್ದಾರೆ ಎಂದರ್ಥ, ಅನುಮತಿ ಬಂದಿಲ್ಲ.

ಸ್ಕೂಲುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಸ್ಥೆಗಳಲ್ಲಿ ಸಿಐಎಸ್ (ಕೌನ್ಸಿಲ್ ಆಫ್ ಇಂಟರ್‌ನ್ಯಾಷನಲ್ ಸ್ಕೂಲ್ಸ್), ಅಮೆರಿಕದ ನೀಸ್ಕ್, ವಾಸ್ಕ್ ಪರಿಚಿತ ಹೆಸರುಗಳು. ಹೊರದೇಶದ ಬ್ರಿಟಿಷ್ ಸ್ಕೂಲುಗಳಿಗೆ ಬಿಎಸ್‌ಒ (ಬ್ರಿಟಿಷ್ ಸ್ಕೂಲ್ಸ್ ಓವರ್‌ಸೀಸ್) ತಪಾಸಣೆ ಇದೆ, ವರದಿಯನ್ನು ಯಾರು ಬೇಕಾದರೂ ಓದಬಹುದು. ದುಬೈನಂಥ ಕೆಲವು ಕಡೆ ಸರ್ಕಾರದ ಸಂಸ್ಥೆಯೇ ಖಾಸಗಿ ಶಾಲೆಗಳ ತಪಾಸಣಾ ವರದಿಗಳನ್ನು ಪ್ರಕಟಿಸಿದೆ. "ಸದಸ್ಯತ್ವ" ಮತ್ತು "ಮಾನ್ಯತೆ" ಒಂದೇ ಅಲ್ಲ ಎಂಬುದನ್ನು ಗಮನದಲ್ಲಿಡಿ. ಚಂದಾ ಕಟ್ಟಿ ಸದಸ್ಯರಾಗಿ ಅದರ ಲೋಗೊ ಹಾಕಿಕೊಂಡಿರಬಹುದು.

ಹೆಜ್ಜೆ 4: ಯಾವ ತರಗತಿ?

ಚಿಕ್ಕ ವಿಷಯ, ಆದರೆ ಎಡವುವವರು ಬಹಳ. ಇಂಗ್ಲೆಂಡಿನ ಇಯರ್ 7 ಎಂದರೆ ಅಮೆರಿಕದ ಗ್ರೇಡ್ 6. ಇಂಗ್ಲೆಂಡಿನಲ್ಲಿ ವಯಸ್ಸಿನ ಗಡಿ ಆಗಸ್ಟ್ 31. ಉತ್ತರಾರ್ಧಗೋಳದ ಹೆಚ್ಚಿನ ಸ್ಕೂಲು ಆಗಸ್ಟ್ ಸೆಪ್ಟೆಂಬರಿನಲ್ಲಿ ಶುರು, ಆಸ್ಟ್ರೇಲಿಯಾದ್ದು ಜನವರಿ ಕೊನೆಗೆ, ಜಪಾನಿನದ್ದು ಏಪ್ರಿಲ್‌ನಲ್ಲಿ. ಹಾಗಾಗಿ ದೇಶ ದಾಟುವಾಗ ಮಗು ಅರ್ಧ ವರ್ಷ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಸಂದೇಹವಿದ್ದರೆ ಕೆಳಗಿನ ತರಗತಿಗೇ ಸೇರಿಸಿ. ಹೊಸ ದೇಶ, ಹೊಸ ಭಾಷೆ, ಹೊಸ ಗೆಳೆಯರು ಎಲ್ಲ ಒಟ್ಟಿಗೆ ಬಂದಾಗ ಕ್ಲಾಸಿನ ಅತಿ ಚಿಕ್ಕ ಮಗುವೂ ಆಗುವುದು ಯಾರಿಗೂ ಬೇಡ. ಆದರೆ ಕಾಲೇಜಿಗೆ, ಪ್ರವೇಶ ಪರೀಕ್ಷೆಗೆ ವಯಸ್ಸಿನ ಮಿತಿ ಏನಾದರೂ ಇದೆಯೇ ಎಂದು ಆ ಮೊದಲ ಹಾಳೆ ನೋಡಿಕೊಂಡು ತೀರ್ಮಾನಿಸಿ.

ಹೆಜ್ಜೆ 5: ಫೀಸಿನ ಪಟ್ಟಿಯಲ್ಲಿ ಇಲ್ಲದ್ದನ್ನು ಕೂಡಿಸಿ

ವೆಬ್‌ಸೈಟಿನಲ್ಲಿ ದೊಡ್ಡದಾಗಿ ಕಾಣುವುದು ಟ್ಯೂಷನ್ ಫೀಸು ಮಾತ್ರ. ಅರ್ಜಿ ಶುಲ್ಕ, ನೋಂದಣಿ ಶುಲ್ಕ, ಕಟ್ಟಡ ನಿಧಿ, ಬಸ್ಸು, ಊಟ, ಯೂನಿಫಾರ್ಮು, ಲ್ಯಾಪ್‌ಟಾಪು, ಪ್ರವಾಸ, ಬೋರ್ಡ್ ಪರೀಕ್ಷೆಯ ಶುಲ್ಕ, ಇಂಗ್ಲಿಷ್ ಕಲಿಕೆಗೆ ಹೆಚ್ಚುವರಿ ನೆರವು ಬೇಕಿದ್ದರೆ ಅದಕ್ಕೂ ಬೇರೆ ಬಿಲ್ಲು. ಹಾಂಗ್‌ಕಾಂಗ್‌ನ ಕೆಲವು ಸ್ಕೂಲುಗಳಲ್ಲಿ ಡಿಬೆಂಚರ್ ಎಂಬ ದೊಡ್ಡ ಮೊತ್ತವನ್ನೇ ಮುಂಗಡ ಇಡಬೇಕು. ಇವೆಲ್ಲ ಸೇರಿಸಿ ಒಂದು ವರ್ಷದ ಮೊತ್ತ ಬರೆಯಿರಿ. ತರಗತಿ ಮೇಲೆ ಹೋದಂತೆ ಫೀಸು ಏರುತ್ತದೆ, ಅದರ ಮೇಲೆ ವರ್ಷ ವರ್ಷದ ಹೆಚ್ಚಳ ಬೇರೆ. ಹಿಂದಿನ ಮೂರು ವರ್ಷ ಎಷ್ಟೆಷ್ಟು ಏರಿಸಿದ್ದರು ಎಂದು ಕೇಳಿದರೆ ಹೇಳುತ್ತಾರೆ.

ಕಂಪನಿ ಕೊಡುತ್ತದೆ ಎನ್ನುವವರು ಇದರಲ್ಲಿ ಯಾವ ಯಾವ ಬಾಬ್ತಿಗೆ ಕೊಡುತ್ತದೆ, ಎಷ್ಟು ಮಕ್ಕಳಿಗೆ, ಆ ಹಣಕ್ಕೆ ಆದಾಯ ತೆರಿಗೆ ಯಾರು ಕಟ್ಟಬೇಕು ಎಂದು ಬರಹದಲ್ಲಿ ತೆಗೆದುಕೊಳ್ಳಿ. ಕೆಲಸ ಹೋದರೆ ಏನು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಿ.

ಸಹಿ ಹಾಕುವ ಮೊದಲು ಬಿಡುವ ಷರತ್ತನ್ನು ಓದಿ. ಒಂದು ಪೂರ್ತಿ ಟರ್ಮಿನ ನೋಟಿಸ್ ಕೊಡಬೇಕು ಎಂಬ ನಿಯಮ ಹಲವು ಕಡೆ ಇರುತ್ತದೆ. ವರ್ಗಾವಣೆ ಆರು ವಾರದ ಮುನ್ಸೂಚನೆಯಲ್ಲಿ ಬಂದಾಗ ನಾವು ಓದದ ಟರ್ಮಿಗೂ ದುಡ್ಡು ಕಟ್ಟಿ ಬಂದೆವು. ಒಪ್ಪಂದದ ಏಳನೇ ಪುಟದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು, ಏಳನೇ ಪುಟ ಓದಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಹೆಜ್ಜೆ 6: ಹೋಗಿ ನೋಡಿ, ತೋರಿಸಿದ್ದನ್ನಲ್ಲ

ಅಡ್ಮಿಷನ್ ವಿಭಾಗದವರು ಈಜುಕೊಳ, ರಂಗಮಂದಿರ, ರೋಬಾಟಿಕ್ಸ್ ಲ್ಯಾಬು ತೋರಿಸುತ್ತಾರೆ. ನೋಡಿ ಖುಷಿಪಡಿ, ತಪ್ಪೇನಿಲ್ಲ. ಆಮೇಲೆ ಮಕ್ಕಳ ಟಾಯ್ಲೆಟ್ ನೋಡಬೇಕು ಎನ್ನಿ. ಊಟದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ನಿಂತಿರುತ್ತೇವೆ ಎನ್ನಿ. ತಟ್ಟೆ ಹಿಡಿದು ಎಲ್ಲಿ ಕೂರುವುದೆಂದು ಹುಡುಕುವ ಒಂದು ಮಗು ಯಾವ ಸ್ಕೂಲಿನಲ್ಲೂ ಇರುತ್ತದೆ. ಅದನ್ನು ಯಾರಾದರೂ ಗಮನಿಸುತ್ತಾರೋ ಇಲ್ಲವೋ ಅಷ್ಟು ನೋಡಿ.

ನಾನು ಎರಡು ಸ್ಕೂಲುಗಳಲ್ಲಿ ಐದನೇ ತರಗತಿಯ ಗಣಿತದ ನೋಟ್‌ಬುಕ್ ಕೇಳಿ ತೆಗೆಸಿಕೊಂಡೆ. ಮೊದಲನೆಯದರಲ್ಲಿ ಮೂರು ತಿಂಗಳ ಲೆಕ್ಕಗಳಿಗೆ ಸಾಲಾಗಿ ರೈಟ್ ಮಾರ್ಕು, ಪುಟಕ್ಕೊಂದು ಸ್ಟಿಕ್ಕರು. ಎರಡನೆಯದರಲ್ಲಿ ಒಂದು ಭಿನ್ನರಾಶಿ ಲೆಕ್ಕ ತಪ್ಪಾಗಿತ್ತು. ಪಕ್ಕದಲ್ಲಿ ಹಸಿರು ಪೆನ್ನಿನಲ್ಲಿ ಟೀಚರ್ ಬರೆದಿದ್ದರು: ಛೇದ ಸಮ ಮಾಡಿದ್ದು ಸರಿ, ಅಂಶವನ್ನು ಗುಣಿಸುವುದು ಮರೆತೆ. ಕೆಳಗೆ ಮಗು ಅದೇ ಲೆಕ್ಕವನ್ನು ಮತ್ತೆ ಮಾಡಿತ್ತು, ಈ ಸಲ ಸರಿಯಾಗಿ. ಎರಡನೆಯ ಸ್ಕೂಲಿನಲ್ಲಿ ಈಜುಕೊಳ ಇರಲಿಲ್ಲ. ಮಗನನ್ನು ಅಲ್ಲಿಗೇ ಸೇರಿಸಿದೆವು.

ಪ್ರಿನ್ಸಿಪಾಲರಿಗೆ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ, ಸಂಕೋಚ ಬೇಡ:

- ಈ ವರ್ಷ ಹೊಸದಾಗಿ ಬಂದ ಟೀಚರುಗಳು ಎಷ್ಟು ಜನ? (ಎರಡು ವರ್ಷದ ಒಪ್ಪಂದ ಈ ಕ್ಷೇತ್ರದಲ್ಲಿ ಸಾಮಾನ್ಯ, ಸ್ವಲ್ಪ ಬದಲಾವಣೆ ಸಹಜ. ಅರ್ಧಕ್ಕರ್ಧ ಹೊಸಬರಾದರೆ ಒಳಗೆ ಏನೋ ಸರಿಯಿಲ್ಲ.)
- ನೀವು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು, ನಿಮ್ಮ ಮೊದಲಿನವರು ಎಷ್ಟು ವರ್ಷ ಇದ್ದರು?
- ಕೊನೆಯ ಎರಡು ವರ್ಷದ ಕೋರ್ಸಿಗೆ ಸೇರಿದವರು ಎಷ್ಟು, ಪರೀಕ್ಷೆಗೆ ಕೂತವರು ಎಷ್ಟು?

ಕೊನೆಯದು ಬಹಳ ಮುಖ್ಯ. ಐಬಿ ಡಿಪ್ಲೊಮಾದ ಜಾಗತಿಕ ಸರಾಸರಿ ಸಾಮಾನ್ಯವಾಗಿ 30ರ ಆಸುಪಾಸು ಇರುತ್ತದೆ. 37 ಸರಾಸರಿ ಎಂದು ಬ್ಯಾನರ್ ಕಟ್ಟಿದ ಸ್ಕೂಲಿನಲ್ಲಿ ಪರೀಕ್ಷೆ ಬರೆದವರು ಹನ್ನೊಂದೇ ಮಂದಿ ಆಗಿದ್ದರೆ, ಉಳಿದವರನ್ನು ಬೇರೆ ದಾರಿಗೆ ಕಳಿಸಿರಬಹುದು.

ದಾರಿ ತೋರಿಸಲು ಜೊತೆಗೆ ಬರುವ ವಿದ್ಯಾರ್ಥಿ ಚೆನ್ನಾಗಿ ತಯಾರಾಗಿರುತ್ತಾನೆ. ಆದರೂ ಅವನನ್ನೊಂದು ಮಾತು ಕೇಳಬಹುದು: "ನೀನು ಸೇರಿದ ಮೊದಲ ದಿನ ಯಾರ ಜೊತೆ ಕೂತು ಊಟ ಮಾಡಿದೆ?" ಒಬ್ಬ ಹುಡುಗ ತಕ್ಷಣ ಒಂದು ಹೆಸರು ಹೇಳಿ, ಆ ಹುಡುಗಿ ಈಗ ಬೇರೆ ದೇಶದಲ್ಲಿದ್ದಾಳೆ, ವಾರಕ್ಕೊಮ್ಮೆ ಮಾತಾಡುತ್ತೇವೆ ಎಂದ. ಇನ್ನೊಂದು ಸ್ಕೂಲಿನಲ್ಲಿ ಹುಡುಗಿ ಅಡ್ಮಿಷನ್ ಮೇಡಮ್ ಮುಖ ನೋಡಿದಳು.

ಖುದ್ದಾಗಿ ಹೋಗಲು ಆಗದವರು ವಿಡಿಯೋ ಕರೆಯಲ್ಲಿ ಪ್ರಚಾರದ ಚಿತ್ರ ಬೇಡ, ಈಗ ನಡೆಯುತ್ತಿರುವ ತರಗತಿಯ ಮುಂದೆ ನಡೆದು ತೋರಿಸಿ ಎಂದು ಕೇಳಬಹುದು. ಇಬ್ಬರು ಪೋಷಕರ ಫೋನ್ ನಂಬರನ್ನೂ ಕೇಳಿ, ಸಾಧ್ಯವಾದರೆ ಸ್ಕೂಲು ಬಿಟ್ಟು ಹೋದವರದ್ದು. ಬಿಟ್ಟವರು ಬಿಚ್ಚಿ ಮಾತಾಡುತ್ತಾರೆ.

ಹೆಜ್ಜೆ 7: ಭಾಷೆಯ ಲೆಕ್ಕ

ಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ಒಂದು ವ್ಯತ್ಯಾಸವನ್ನು ಎತ್ತಿ ತೋರಿಸಿದರು: ಆಟದ ಮೈದಾನದ ಭಾಷೆ ಬೇರೆ, ಪಾಠದ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಹರಟೆ ಹೊಡೆಯುವಷ್ಟು ಕಲಿಯಲು ಮಗುವಿಗೆ ಎರಡು ವರ್ಷ ಸಾಕಾಗುತ್ತದೆ. ಅದೇ ಭಾಷೆಯಲ್ಲಿ ವಾದ ಮಂಡಿಸಿ ಬರೆಯಲು ಐದರಿಂದ ಏಳು ವರ್ಷ ಬೇಕಾಗಬಹುದು. ಮನೆಯಲ್ಲಿ ಮಗು ಇಂಗ್ಲಿಷ್ ಉದುರಿಸುವುದನ್ನು ಕೇಳಿ, ನೆರವಿನ ತರಗತಿ ಇನ್ನು ಬೇಡ ಎಂದು ಬಿಡಿಸುವ ಪೋಷಕರು ಎಡವುವುದು ಇಲ್ಲೇ. ನೆರವು ಕೊಡುವ ಟೀಚರ್ ತರಗತಿಯ ಒಳಗೇ ಕೂರುತ್ತಾರೋ, ಮಗುವನ್ನು ಹೊರಗೆ ಕರೆದೊಯ್ಯುತ್ತಾರೋ, ಹೊರಗಾದರೆ ಯಾವ ಪಾಠ ತಪ್ಪುತ್ತದೆ ಎಂದು ಕೇಳಿ.

ಮನೆಯ ಭಾಷೆಯನ್ನು ಬಿಡಬೇಡಿ. "ಮನೆಯಲ್ಲೂ ಇಂಗ್ಲಿಷ್ ಮಾತಾಡಿ" ಎಂದು ಸಲಹೆ ಕೊಡುವ ಸ್ಕೂಲಿನ ಬಗ್ಗೆ ನನಗೆ ಅನುಮಾನ. ಡಿಪಿಯಲ್ಲಿ ಒಂದು ಅಷ್ಟಾಗಿ ಗೊತ್ತಿಲ್ಲದ ಅವಕಾಶವಿದೆ: ಸ್ಕೂಲಿನಲ್ಲಿ ಕಲಿಸದ ಮಾತೃಭಾಷೆಯ ಸಾಹಿತ್ಯವನ್ನೂ ವಿದ್ಯಾರ್ಥಿ ಸ್ಕೂಲಿನ ಮೇಲ್ವಿಚಾರಣೆಯಲ್ಲಿ ಸ್ವಂತ ಓದಿನಿಂದ ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ತೆಗೆದುಕೊಳ್ಳಬಹುದು. ನಿಮ್ಮ ಭಾಷೆಗೆ ಹೀಗೆ ಸಾಧ್ಯವೇ ಎಂದು ಎರಡು ವರ್ಷ ಮೊದಲೇ ಸ್ಕೂಲಿನ ಸಂಯೋಜಕರನ್ನು ವಿಚಾರಿಸಿ. ಹದಿನಾರಕ್ಕೆ ಆ ಭಾಷೆಯಲ್ಲಿ ಕಾದಂಬರಿ ಓದಲು ಬರಬೇಕು ಎಂದರೆ ಆರಕ್ಕೇ ಅಕ್ಷರ ಕಲಿಸಿರಬೇಕು.

ಹೆಜ್ಜೆ 8: ವಿಶೇಷ ನೆರವು, ಸುರಕ್ಷತೆ

ಓದುವಿಕೆಯಲ್ಲಿ ತೊಡಕು, ಗಮನದ ತೊಂದರೆ ಇಂಥದ್ದೇನಾದರೂ ಇದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟು ಸೇರಿಸಿದ ಮಗುವನ್ನು ಅರ್ಧವರ್ಷದಲ್ಲಿ ವಾಪಸ್ ಕಳಿಸಿದ್ದನ್ನು ಕಂಡಿದ್ದೇನೆ. ಹಲವು ಇಂಟರ್‌ನ್ಯಾಷನಲ್ ಸ್ಕೂಲುಗಳಿಗೆ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುವ ಬಾಧ್ಯತೆ ಇಲ್ಲ, ಜೊತೆಗೊಬ್ಬ ಸಹಾಯಕರನ್ನು ನಿಮ್ಮ ಖರ್ಚಿನಲ್ಲೇ ಇಡಿ ಎನ್ನುವುದೂ ಉಂಟು. ಮಕ್ಕಳ ರಕ್ಷಣೆಯ ನೀತಿಯನ್ನು ಲಿಖಿತವಾಗಿ ಕೇಳಿ, ದೂರು ಯಾರ ಹತ್ತಿರ ಹೇಳಬೇಕು ಎಂಬುದು ಮಕ್ಕಳಿಗೇ ಗೊತ್ತಿದೆಯೇ ಎಂದು ನೋಡಿ. ಉತ್ತರಕ್ಕೆ ತಡಕಾಡಿದರೆ ಅಲ್ಲಿಂದ ಎದ್ದು ಬನ್ನಿ.

ಹೆಜ್ಜೆ 9: ಅರ್ಜಿ, ಕಾಗದಪತ್ರ, ಕಾಯುವಿಕೆ

ಎರಡು ಅಥವಾ ಮೂರು ಸ್ಕೂಲಿಗೆ ಅರ್ಜಿ ಹಾಕಿ, ಅದಕ್ಕಿಂತ ಹೆಚ್ಚಾದರೆ ಶುಲ್ಕ ದಂಡ. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಲಸಿಕೆ ದಾಖಲೆ, ಎರಡು ಮೂರು ವರ್ಷದ ಅಂಕಪಟ್ಟಿ, ಟಿಸಿ, ಹಳೆಯ ಸ್ಕೂಲಿನಿಂದ ಶಿಫಾರಸು ಪತ್ರ ಬೇಕಾಗುತ್ತವೆ. ಟಿಸಿಗೆ ದೃಢೀಕರಣ ಕೇಳುವ ದೇಶಗಳಿವೆ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆಯಾದರೆ ಅಪೊಸ್ಟಿಲ್ ಮುದ್ರೆ ಸಾಕು, ಅಲ್ಲದಿದ್ದರೆ ರಾಯಭಾರ ಕಚೇರಿಯವರೆಗೆ ಓಡಾಟ. ಈ ಕೆಲಸವನ್ನು ದೇಶ ಬಿಡುವ ಮೊದಲೇ ಮುಗಿಸಿ, ದೂರದಿಂದ ಮಾಡಿಸುವುದು ಪಡಿಪಾಟಲು.

ಸೀಟಿಲ್ಲ ಎಂದರೆ ವೇಯ್ಟಿಂಗ್ ಲಿಸ್ಟಿನಲ್ಲಿ ಹೆಸರಿರಲಿ. ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ವರ್ಗಾವಣೆಗಳಿಂದ ಸೀಟು ಖಾಲಿಯಾಗುತ್ತವೆ, ತಿಂಗಳಿಗೊಮ್ಮೆ ಒಂದು ಸೌಜನ್ಯದ ಇಮೇಲ್ ಕಳಿಸುತ್ತಿರಿ. ಸೀಟು ಖಚಿತವಾದ ಮೇಲಷ್ಟೇ ಮನೆಗೆ ಅಡ್ವಾನ್ಸ್ ಕೊಡಿ. ಬೆಳಿಗ್ಗೆ ಸ್ಕೂಲಿನ ಹೊತ್ತಿನಲ್ಲೇ ಆ ದಾರಿಯಲ್ಲಿ ಒಮ್ಮೆ ಹೋಗಿ ನೋಡಿ, ಮ್ಯಾಪಿನಲ್ಲಿ ಮಧ್ಯಾಹ್ನ ತೋರಿಸುವ ಸಮಯವನ್ನು ನಂಬಬೇಡಿ.

ಹೆಜ್ಜೆ 10: ಸೇರಿದ ದಿನದಿಂದಲೇ ಒಂದು ಫೈಲು

ಮಗಳ ಅನುಭವದ ಮೇಲೆ ಇದನ್ನು ಶುರು ಮಾಡಿದೆ. ಪ್ರತಿ ಟರ್ಮಿನ ರಿಪೋರ್ಟ್ ಕಾರ್ಡು, ಆ ವರ್ಷದ ಸಿಲೆಬಸ್, ಪರೀಕ್ಷಾ ಮಂಡಳಿಯ ಹೆಸರು ಮತ್ತು ವಿಷಯದ ಕೋಡು, ಓದಿದ ಪುಸ್ತಕಗಳ ಪಟ್ಟಿ, ಎರಡು ಒಳ್ಳೆಯ ಪ್ರಬಂಧ, ಒಂದು ಗಣಿತದ ನೋಟ್‌ಬುಕ್. ಹೊಸ ಸ್ಕೂಲಿನವರು ಮಗು ಎಲ್ಲಿಯವರೆಗೆ ಓದಿದೆ ಎಂದು ಕೇಳಿದಾಗ ಬಾಯಲ್ಲಿ ವಿವರಿಸುವ ಬದಲು ಇದನ್ನು ಮೇಜಿನ ಮೇಲೆ ಇಟ್ಟರಾಯಿತು. ಕಳೆದ ಸಲ ಮಗನ ಫೈಲನ್ನು ತಿರುವಿ ಹಾಕಿದ ಗಣಿತದ ಟೀಚರ್, ಪ್ರವೇಶ ಪರೀಕ್ಷೆಯ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಹಸಿರು ಪೆನ್ನಿನ ಪುಟದಲ್ಲಿ ಬೆರಳಿಟ್ಟು "ಇದನ್ನು ಹೇಗೆ ಮಾಡಿದೆ, ನನಗೆ ಹೇಳು" ಎಂದು ಅವನನ್ನೇ ಕೇಳಿದರು.